ಏರಿಗೆ ಮೋಟಾರು, ಇಳಿಕೆಗೆ ಬ್ರೇಕು

ಗುಡ್ಡದ ಸೈಕಲ್ ಸವಾರಿಯ ಚರಿತ್ರೆಯಲ್ಲಿ ಎಲ್ಲರೂ ಇಳಿಜಾರಿನ ಕತೆ ಹೇಳುತ್ತಾರೆ, ಏರಿನ ಕತೆ ಯಾರೂ ಹೇಳುವುದಿಲ್ಲ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಗುಡ್ಡದ ಮಣ್ಣುದಾರಿಯೊಂದರಲ್ಲಿ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಒಂದರ ಹಿಂದೊಂದು ಕೆಳಗೆ ಬಿಟ್ಟು, ಗಡಿಯಾರ ಹಿಡಿದು ಪಂದ್ಯ ಆಡಿದರು. ದಾರಿ ಮೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು, ಇಳಿತ ಸುಮಾರು ನಾನೂರು ಮೀಟರ್. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಕೆಳಗೆ ತಲುಪುವಷ್ಟರಲ್ಲಿ ಹಿಂಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗಿರುತ್ತಿತ್ತು. ಪ್ರತಿಸಲವೂ ಬಿಚ್ಚಿ ಹೊಸದಾಗಿ ತುಂಬಬೇಕು. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮುಂತಾದವರ ಹೆಸರು ಈ ಹುಚ್ಚಾಟದಿಂದಲೇ ಜಗತ್ತಿಗೆ ಗೊತ್ತಾಯಿತು. ಅವರೆಲ್ಲ ಮೇಲಕ್ಕೆ ಹೇಗೆ ಹೋಗುತ್ತಿದ್ದರು? ಪಿಕಪ್ ಟ್ರಕ್ಕಿಗೆ ಸೈಕಲ್ ಹೇರಿಕೊಂಡು. ಟ್ರಕ್ಕು ಸಿಗದ ದಿನ ತಳ್ಳಿಕೊಂಡು.

ಆಮೇಲೆ ಗೇರುಗಳು ಬಂದವು, ಸಸ್ಪೆನ್ಷನ್ ಬಂತು. ಯುರೋಪಿನಲ್ಲಿ ಹಿಮಜಾರು ಆಟದ ಲಿಫ್ಟುಗಳು ಬೇಸಿಗೆಯಲ್ಲಿ ಸೈಕಲ್ಲುಗಳನ್ನು ಮೇಲೆ ಸಾಗಿಸತೊಡಗಿದವು. ಆದರೂ ಲಿಫ್ಟಿಲ್ಲದ ಗುಡ್ಡದಲ್ಲಿ ಒಂದು ಗಂಟೆ ಬೆವರು ಸುರಿಸಿ ಹತ್ತಿ, ಹತ್ತು ನಿಮಿಷದಲ್ಲಿ ಇಳಿದು ಮುಗಿಸುವ ಲೆಕ್ಕ ಬದಲಾಗಿರಲಿಲ್ಲ. ಅದನ್ನು ಬದಲಾಯಿಸಿದ್ದು ವಿದ್ಯುತ್ ಮೌಂಟನ್ ಬೈಕು, ಸವಾರರ ಬಾಯಲ್ಲಿ ಇ-ಎಂಟಿಬಿ. ಜರ್ಮನಿಯಲ್ಲಿ 2023ರಲ್ಲಿ ಮಾರಾಟವಾದ ಸೈಕಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 21 ಲಕ್ಷ, ವಿದ್ಯುತ್ತಿನವೇ. ಸಾದಾ ಸೈಕಲ್ಲುಗಳನ್ನು ಅವು ಹಿಂದೆ ಹಾಕಿದ್ದು ಆ ವರ್ಷವೇ ಮೊದಲು.

ಹೊಸ ಮಾದರಿಯ ಇಂಥದೊಂದನ್ನು ನಾನು ಓಡಿಸಿದ್ದು ಆ ದೇಶದ ನೈರುತ್ಯ ಭಾಗದ ಶ್ವಾಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಗುಡ್ಡಸೀಮೆಯಲ್ಲಿ. ಅಲ್ಲೇ ಉತ್ತರದಂಚಿಗೆ ರೊಯ್ಟ್ಲಿಂಗನ್ ಎಂಬ ಊರು. ನಮ್ಮ ಬೆಂಗಳೂರಿಗರು ಇಂದಿಗೂ 'ಮೈಕೋ' ಎಂದೇ ಕರೆಯುವ, ಆಡುಗೋಡಿಯ ಬಾಷ್ ಕಂಪನಿಯ ಇ-ಬೈಕ್ ವಿಭಾಗ ಬೆಳೆದದ್ದು ಆ ಊರಿನ ಆಸುಪಾಸಿನಲ್ಲಿ. ಸ್ಟುಟ್‌ಗಾರ್ಟ್ ಸುತ್ತಮುತ್ತ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ನನ್ನ ಸೋದರಳಿಯನೂ ಹಾಗೆ ಅಲ್ಲಿ ನೆಲೆಸಿದವನು, ವಾರಾಂತ್ಯ ಬಂತೆಂದರೆ ಕಾಡಿನಲ್ಲಿರುವವನು. ಸೈಕಲ್ಲು ಬಾಡಿಗೆಯದು. ಕಂಪನಿಯ ಹೆಸರು ಹೇಳುವ ಅಗತ್ಯ ಕಾಣದು, ಈ ದರ್ಜೆಯ ಸೈಕಲ್ಲುಗಳ ಗುಣಲಕ್ಷಣ ಹೆಚ್ಚುಕಡಿಮೆ ಒಂದೇ. ಮೋಟಾರು ಪೆಡಲಿನ ಅಚ್ಚಿನ ಸುತ್ತಲೇ ಕೂತಿದೆ, ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, 85 ನ್ಯೂಟನ್ ಮೀಟರ್. ಫ್ರೇಮಿನ ಕೆಳಕೊಳವೆಯಲ್ಲಿ ಅಡಗಿದ ಬ್ಯಾಟರಿ 750 ವ್ಯಾಟ್ ಅವರ್. ಮುಂದಿನ ಚಕ್ರ 29 ಇಂಚು, ಹಿಂದಿನದು 27.5. ಮುಂದೆ 160 ಮಿಲಿಮೀಟರ್, ಹಿಂದೆ 150 ಮಿಲಿಮೀಟರ್ ಅದುಮಿಕೊಳ್ಳುವ ಸಸ್ಪೆನ್ಷನ್. ಒಟ್ಟು ತೂಕ 24 ಕಿಲೋ. ಮೋಟಾರಿಲ್ಲದ ಇಂಥದೇ ಸೈಕಲ್ಲು 14-15 ಕಿಲೋ ತೂಗುತ್ತದೆ.

"ಮಾವ, ಇದು ಸ್ಕೂಟರ್ ಅಲ್ಲ, ಎಕ್ಸಲೇಟರ್ ಹುಡುಕಬೇಡಿ" ಎಂದ ಹುಡುಗ. "ತುಳಿದರೆ ಉಂಟು, ನಿಲ್ಲಿಸಿದರೆ ಇಲ್ಲ."

ಗುಟ್ಟೆಲ್ಲ ಆ ಮಾತಿನಲ್ಲೇ ಇದೆ. ಪೆಡಲಿನ ಅಚ್ಚಿನಲ್ಲಿ ಟಾರ್ಕ್ ಸೆನ್ಸರ್ ಇದೆ. ನೀವು ತುಳಿದಾಗ ಅಚ್ಚು ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದಲ್ಲ, ಅದನ್ನು ಅದು ಅಳೆಯುತ್ತದೆ. ಕಾಲು ಎಷ್ಟು ವೇಗವಾಗಿ ತಿರುಗುತ್ತಿದೆ, ಚಕ್ರ ಎಷ್ಟು ವೇಗವಾಗಿ ಉರುಳುತ್ತಿದೆ ಎಂಬುದನ್ನೂ ಬೇರೆ ಸೆನ್ಸರುಗಳು ಹೇಳುತ್ತವೆ. ಇವೆಲ್ಲವನ್ನೂ ಸೆಕೆಂಡಿಗೆ ಸಾವಿರ ಸಲ ಓದಿ, ನಿಮ್ಮ ಬಲಕ್ಕೆ ಇಂತಿಷ್ಟು ಪಾಲು ಎಂದು ಮೋಟಾರು ತನ್ನ ಬಲವನ್ನು ಸೇರಿಸುತ್ತದೆ. ಕಡಿಮೆ ನೆರವಿನ ಮೋಡಿನಲ್ಲಿ ನಿಮ್ಮ ಬಲದ ಅರ್ಧಕ್ಕಿಂತ ತುಸು ಹೆಚ್ಚು, ಅತಿ ಹೆಚ್ಚಿನ ಮೋಡಿನಲ್ಲಿ ಮೂರು ಪಟ್ಟಿಗೂ ಮೀರಿ. ನೀವು ಮೆಲ್ಲನೆ ತುಳಿದರೆ ಅದೂ ಮೆಲ್ಲಗೆ, ಎದ್ದು ನಿಂತು ಒತ್ತಿದರೆ ಅದೂ ಒತ್ತುತ್ತದೆ. ಪಳಗಿದ ಜೋಡೆತ್ತಿನಲ್ಲಿ ಒಂದು ನೊಗಕ್ಕೆ ಹೆಗಲು ಕೊಟ್ಟ ಕ್ಷಣವೇ ಇನ್ನೊಂದೂ ಕೊಡುವ ಹಾಗೆ.

ಹೊಸಬರಿಗೆ ಅಚ್ಚರಿ ಹುಟ್ಟಿಸುವುದು ಬಲ. ನನಗೆ ಹಿಡಿಸಿದ್ದು ಹದ. ಬೀಚ್ ಮರಗಳ ಕಾಡಿನಲ್ಲಿ ಏರುದಾರಿ ಹಸಿ ಬೇರುಗಳಿಂದ ತುಂಬಿತ್ತು, ಮೇಲೆ ಒದ್ದೆ ಎಲೆಯ ಹಾಸು, ನಡುನಡುವೆ ಸೋಪಿನಂತೆ ಜಾರುವ ಬಿಳಿ ಸುಣ್ಣಕಲ್ಲು. ಇಂಥ ಕಡೆ ಸಾದಾ ಸೈಕಲ್ಲಿನವರು ಇಳಿದು ತಳ್ಳುತ್ತಾರೆ. ಎಕ್ಸಲೇಟರ್ ಇರುವ ಗಾಡಿಯಾದರೆ ಹಿಂದಿನ ಚಕ್ರ ಒಂದೇ ಸಮ ಗಿರ್ರನೆ ಸುತ್ತಿ ಗುಂಡಿ ತೋಡುತ್ತದೆ. ಇದು ಎರಡನ್ನೂ ಮಾಡಲಿಲ್ಲ. ಚಕ್ರ ಒಂದಿಷ್ಟು ಜಾರಿದ ಕೂಡಲೇ ಬಲ ತಗ್ಗುತ್ತದೆ, ಮತ್ತೆ ಹಿಡಿತ ಸಿಕ್ಕೊಡನೆ ಬಲ ಮರಳುತ್ತದೆ. ಇದರಲ್ಲಿ ಅರ್ಧ ಕೆಲಸ ಸಾಫ್ಟ್‌ವೇರಿನದು, ಇನ್ನರ್ಧ ಸವಾರನದೇ: ಸೀಟಿನ ಮೂತಿಗೆ ಸರಿದು ಕೂರಬೇಕು, ಎದೆ ಹ್ಯಾಂಡಲಿನ ಕಡೆಗೆ ಬಾಗಬೇಕು, ಇಲ್ಲವಾದರೆ ಮೋಟಾರಿನ ತಳ್ಳಿಗೆ ಮುಂಚಕ್ರ ಮೇಲೆದ್ದುಬಿಡುತ್ತದೆ. ಗೇರು ಬದಲಿಸುವ ಅರೆಕ್ಷಣ ಕಾಲಿನ ಒತ್ತಡ ಸಡಿಲಿಸಬೇಕು. ಮೋಟಾರಿನ ಬಲ ಪೂರ್ತಿ ಹರಿಯುವುದು ಚೈನಿನ ಮೂಲಕ. ಒತ್ತಿ ತುಳಿಯುತ್ತಲೇ ಗೇರು ಹಾಕಿದರೆ 'ಕಟಾರ್' ಎಂದು ಅದು ಕೊಡುವ ಸದ್ದು ಜೇಬಿಗೆ ಕೇಳಿಸುವಂಥದು.

ಇನ್ನೊಂದು ಚಮತ್ಕಾರವಿದೆ. ಕಲ್ಲಿನ ಮೆಟ್ಟಿಲು ಎದುರಾದಾಗ ಪೆಡಲು ಕಲ್ಲಿಗೆ ಬಡಿಯದಂತೆ ಕಾಲನ್ನು ಒಂದು ಗಳಿಗೆ ತಡೆಹಿಡಿಯಬೇಕಾಗುತ್ತದೆ. ಅದಕ್ಕೆಂದೇ ಈ ಸೈಕಲ್ಲುಗಳಿಗೆ ಗಿಡ್ಡ ಕ್ರ್ಯಾಂಕು, ಅಂದರೆ ಪೆಡಲಿನ ತೋಳು, ಹಾಕುತ್ತಾರೆ, 160 ಅಥವಾ 165 ಮಿಲಿಮೀಟರಿನದು. ಕಾಲು ನಿಂತ ಮೇಲೂ ಮೋಟಾರು ಅರೆಕ್ಷಣ ತಳ್ಳುತ್ತದೆ. ಆ ಒಂದು ಉಸಿರಿನ ತಳ್ಳಿಗೆ ಹಿಂಚಕ್ರ ಮೆಟ್ಟಿಲ ಮೇಲೆ ಬಂದು ಕೂರುತ್ತದೆ. ಎಲ್ಲಿ ತುಳಿಯಬೇಕು, ಎಲ್ಲಿ ನಿಲ್ಲಿಸಿ ಆ ತಳ್ಳಿಗೆ ಬಿಡಬೇಕು ಎಂಬುದು ಕೈಗೆ ಹತ್ತಿದರೆ ಏರೇ ಒಂದು ಆಟವಾಗುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಲ್ಲಿ ಕೆನಡಾದ ಮಾಂಟ್ ಸೇಂಟ್ ಆನ್‌ನಲ್ಲಿ ಇ-ಎಂಟಿಬಿಗೆ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ದಕ್ಷಿಣ ಆಫ್ರಿಕಾದ ಅಲನ್ ಹೆದರ್ಲಿ, ಸ್ವಿಟ್ಜರ್ಲೆಂಡಿನ ನಟಾಲಿ ಷ್ನೈಟರ್ ಗೆದ್ದರು. 'ಮೋಟಾರು ಇದ್ದರೆ ಯಾರು ಬೇಕಾದರೂ ಗೆಲ್ಲಬಹುದಲ್ಲ' ಎಂಬ ಕುಹಕ ಆಗ ಸಾಕಷ್ಟು ಕೇಳಿಬಂತು. ಎಲ್ಲರಿಗೂ ಮೋಟಾರು ಇದ್ದಾಗ ಗೆಲ್ಲುವುದು ಕಾಲು ಮತ್ತು ಕೈಚಳಕವೇ ಎಂಬುದನ್ನು ಕುಹಕಿಗಳು ಮರೆತಿದ್ದರು.

ಈಗ ಆ 85 ನ್ಯೂಟನ್ ಮೀಟರಿನ ಲೆಕ್ಕಕ್ಕೆ ಬರೋಣ, ಏಕೆಂದರೆ ಅಂಗಡಿಗಳಲ್ಲಿ ಜನ ಮರುಳಾಗುವುದು ಇಲ್ಲೇ. ನೂರು ಸಿಸಿಯ ಹೀರೋ ಸ್ಪ್ಲೆಂಡರ್ ಮೋಟಾರ್‌ಸೈಕಲ್ಲಿನ ಟಾರ್ಕ್ ಸುಮಾರು 8. ಹಾಗಾದರೆ ಸೈಕಲ್ಲು ಅದಕ್ಕಿಂತ ಹತ್ತು ಪಟ್ಟು ಬಲಶಾಲಿಯೇ? ಖಂಡಿತ ಅಲ್ಲ. ಸ್ಪ್ಲೆಂಡರ್ ಎಂಜಿನ್ ಆ 8ನ್ನು ಕೊಡುವುದು ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುತ್ತ. ಗೇರುಗಳು ಆ ವೇಗವನ್ನು ಕಳೆದು ಟಾರ್ಕನ್ನು ಹಿಗ್ಗಿಸುವುದು ಆಮೇಲೆ. ಸೈಕಲ್ಲಿನ 85 ಅಳೆದದ್ದು ನಿಮಿಷಕ್ಕೆ ಅರವತ್ತೋ ಎಂಬತ್ತೋ ಸುತ್ತು ತಿರುಗುವ ಪೆಡಲಿನ ಅಚ್ಚಿನಲ್ಲಿ. ಟಾರ್ಕನ್ನು ವೇಗದಿಂದ ಗುಣಿಸಿದರೆ ಸಿಗುವುದು ಪವರ್. ಸ್ಪ್ಲೆಂಡರಿನದು 5,900 ವ್ಯಾಟ್ ಆಸುಪಾಸು. ಈ ಸೈಕಲ್ಲಿನದು, ಮೋಟಾರು ಕೆರಳಿದಾಗಲೂ, 600. ಅದೇನು ಸಣ್ಣದಲ್ಲ. ತಕ್ಕಮಟ್ಟಿಗೆ ಗಟ್ಟಿಯಾಗಿರುವ ಸಾಮಾನ್ಯ ಸವಾರ ಒಂದು ಗಂಟೆ ನಿರಂತರ ಕೊಡಬಲ್ಲದ್ದು 150ರಿಂದ 200 ವ್ಯಾಟ್. ಟೂರ್ ಡಿ ಫ್ರಾನ್ಸ್‌ನ ಘಟಾನುಘಟಿಗಳದು 400ರ ಸುತ್ತಮುತ್ತ. ಅಂದರೆ ಮಧ್ಯವಯಸ್ಸಿನ, ಹೊಟ್ಟೆ ಬಂದ ನನ್ನಂಥವನೂ ಮೋಟಾರಿನೊಡನೆ ಸೇರಿ ಆ ಘಟಾನುಘಟಿಗಳಿಗಿಂತ ಬೇಗ ಗುಡ್ಡ ಹತ್ತಬಹುದು.

ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂದು ಕಿಲೋಮೀಟರಿನಲ್ಲಿ ಕೇಳಿದರೆ ಗುಡ್ಡದ ಸವಾರರು ನಗುತ್ತಾರೆ. ಇಲ್ಲಿ ಲೆಕ್ಕ ಎತ್ತರದ್ದು. ಸವಾರ, ಸೈಕಲ್ಲು, ಬೆನ್ನಚೀಲ ಎಲ್ಲ ಸೇರಿ ನೂರು ಕಿಲೋ ಎನ್ನಿ. ಅದನ್ನು ಸಾವಿರ ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 272 ವ್ಯಾಟ್ ಅವರ್. ಅದರಲ್ಲಿ ನಿಮ್ಮ ಕಾಲಿನ ಪಾಲು ಕಳೆಯಿರಿ, ಮೋಟಾರು ಬಿಸಿಯಾಗಿ ಪೋಲಾಗುವುದನ್ನೂ ಟೈರು ಮಣ್ಣಿನಲ್ಲಿ ಎಳೆದಾಡುವುದನ್ನೂ ಕೂಡಿಸಿರಿ. ಪೂರ್ತಿ ಬಲದ ಮೋಡಿನಲ್ಲೇ ಓಡಿಸಿದರೂ 750 ವ್ಯಾಟ್ ಅವರ್ ಬ್ಯಾಟರಿ ಒಂದೂವರೆಯಿಂದ ಎರಡು ಸಾವಿರ ಮೀಟರ್ ಏರಿಸುತ್ತದೆ. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿಯ ನೆತ್ತಿಗೆ ಏರು 850 ಮೀಟರಿನಷ್ಟು. ಎರಡು ಸಲ ಹತ್ತಬಹುದು. ಖರ್ಚು? ಬ್ಯಾಟರಿ ತುಂಬಲು ಮುಕ್ಕಾಲು ಯೂನಿಟ್ ವಿದ್ಯುತ್ತು, ನಮ್ಮ ಮನೆಯ ದರದಲ್ಲಿ ಐದು ರೂಪಾಯಿಯ ಆಸುಪಾಸು. ಸೈಕಲ್ಲಿನ ಬೆಲೆ ಮಾತ್ರ ಐದು ಸಾವಿರ ಯೂರೋದಿಂದ ಹತ್ತು ಸಾವಿರ ಯೂರೋ. ರೂಪಾಯಿಗೆ ಬದಲಿಸಿ ನೋಡುವ ಧೈರ್ಯ ಓದುಗರಿಗೇ ಬಿಟ್ಟದ್ದು.

ಇನ್ನು ಇಳಿಜಾರು. ಇಲ್ಲಿ ಮೋಟಾರಿಗೆ ಕೆಲಸವಿಲ್ಲ. ಯುರೋಪಿನ ಕಾನೂನಿನಂತೆ ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೆ ಅದು ನೆರವು ನಿಲ್ಲಿಸುತ್ತದೆ, ಆಮೇಲೆ ನೀವು, ಗುರುತ್ವ ಮತ್ತು 24 ಕಿಲೋ. ಈ ಹೆಚ್ಚುವರಿ ಭಾರ ಒಂದು ಬಗೆಯಲ್ಲಿ ಒಳ್ಳೆಯದೇ. ಮೋಟಾರು, ಬ್ಯಾಟರಿ ಎರಡೂ ತಳದಲ್ಲಿರುವುದರಿಂದ ಸೈಕಲ್ಲು ನೆಲಕ್ಕೆ ಅಂಟಿಕೊಂಡು ಓಡುತ್ತದೆ, ಬೇರಿನ ಜಾಲದ ಮೇಲೆ ಅಲ್ಲಾಡದೆ ದಾಟುತ್ತದೆ. ಆದರೆ ತಿರುವಿನ ಮೊದಲು ಬ್ರೇಕು ಹಿಡಿಯುವ ಜಾಗ ಬದಲಾಗುತ್ತದೆ. ಸಾದಾ ಸೈಕಲ್ಲಿನ ಅಂದಾಜಿನಲ್ಲಿ ಹಿಡಿದರೆ ತಡವಾಯಿತೆಂದೇ ಅರ್ಥ. ಅದಕ್ಕಾಗಿಯೇ ಇವುಗಳಿಗೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು, 200 ಮಿಲಿಮೀಟರಿನ ಡಿಸ್ಕು. ಕಿರಿದಾದ ಜಾಗದಲ್ಲಿ ಹಿಂಚಕ್ರ ಎತ್ತಿ ತಿರುಗಿಸುವುದು, ಚಿಕ್ಕ ಹಳ್ಳವನ್ನು ನೆಗೆಯುವುದು, ಇಂಥ ಹಗುರ ಆಟಗಳಿಗೆ ಇದು ಒಗ್ಗುವುದಿಲ್ಲ. ಕೆಲವು ಮೋಟಾರುಗಳು ಕಲ್ಲುದಾರಿಯ ಇಳಿಜಾರಿನಲ್ಲಿ ಒಳಗಿನ ಹಲ್ಲುಗಳು ಸಡಿಲವಾಗಿ ತಾಕಿ 'ಟಕಟಕ' ಎನ್ನುತ್ತವೆ. ಇಷ್ಟು ದುಡ್ಡು ಕೊಟ್ಟು ತಗಡಿನ ಡಬ್ಬ ಅಲ್ಲಾಡಿಸಿದ ಸದ್ದು ಕೇಳುವುದು ಕಿರಿಕಿರಿಯೇ ಸರಿ.

ಏರಿದ ಸುಸ್ತಿಲ್ಲದೆ ಇಳಿಯುವುದಕ್ಕೂ ಒಂದು ಅಪಾಯವಿದೆ. ಹಿಂದೆಲ್ಲ ಕಡಿದಾದ ದಾರಿಯ ತಲೆಗೆ ತಲುಪುತ್ತಿದ್ದವರು ವರ್ಷಗಟ್ಟಲೆ ಹತ್ತಿ ಇಳಿದು ಪಳಗಿದವರು. ಮೋಟಾರು ಈಗ ಯಾರನ್ನು ಬೇಕಾದರೂ ಅಲ್ಲಿಗೆ ತಂದು ನಿಲ್ಲಿಸುತ್ತದೆ, ಕೆಳಗಿಳಿಯುವ ವಿದ್ಯೆ ಕಲಿಸುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಇದು ಸೈಕಲ್ಲು. ಯುರೋಪಿನಲ್ಲಿ ಮೋಟಾರು ನಿರಂತರವಾಗಿ ಕೊಡುವ ಪವರ್ 250 ವ್ಯಾಟ್ ಮೀರಬಾರದು. ಹಾಗಾದರೆ 600 ಎಲ್ಲಿಂದ ಬಂತು? ನಿಯಮ ಹಿಡಿದದ್ದು ಬಿಸಿಯಾಗದೆ ತಾಳುವ ಸರಾಸರಿಯನ್ನು, ಕ್ಷಣದ ಗರಿಷ್ಠವನ್ನಲ್ಲ. ಈ ಸಂದಿಯಲ್ಲಿ ಈಗ ಪೈಪೋಟಿ ನುಗ್ಗಿದೆ. 2024ರ ಜುಲೈನಲ್ಲಿ, ಡ್ರೋನ್‌ಗಳಿಗೆ ಹೆಸರಾದ ಚೀನಾದ ಡಿಜೆಐ ಕಂಪನಿ ಅವಿನಾಕ್ಸ್ ಎಂಬ ಮೋಟಾರು ತಂದಿತು: ತೂಕ ಎರಡೂವರೆ ಕಿಲೋ, ಬೂಸ್ಟ್ ಮೋಡಿನಲ್ಲಿ 120 ನ್ಯೂಟನ್ ಮೀಟರ್, ಗರಿಷ್ಠ 1,000 ವ್ಯಾಟ್. ಮರುವರ್ಷ ಬಾಷ್ ತನ್ನ ಮೋಟಾರಿನ ಮಿತಿಯನ್ನು ಸಾಫ್ಟ್‌ವೇರ್ ಮೂಲಕವೇ 100 ನ್ಯೂಟನ್ ಮೀಟರ್, 750 ವ್ಯಾಟ್‌ಗೆ ಏರಿಸಿತು. ಜರ್ಮನಿಯ ಸೈಕಲ್ ಉದ್ಯಮದ ಒಕ್ಕೂಟ ಗರಿಷ್ಠ 750ಕ್ಕೆ ಗೆರೆ ಎಳೆಯೋಣ ಎನ್ನುತ್ತಿದೆ. ಅದರ ಭಯ ಸಕಾರಣ. ಸಾವಿರ, ಸಾವಿರದೈನೂರು ಎಂದು ಹೋದರೆ ನಾಳೆ ಸರ್ಕಾರ ಇದನ್ನು ಮೋಪೆಡ್ ಎಂದು ಘೋಷಿಸಿ, ನಂಬರ್ ಪ್ಲೇಟು ಹಾಕಿಸಿ, ಕಾಡಿನಿಂದ ಹೊರಗೆ ಅಟ್ಟುತ್ತದೆ. ಓಡಿಸಿದವನಾಗಿ ನಾನು ಒಕ್ಕೂಟದ ಕಡೆ. ಒದ್ದೆ ಬೇರಿನ ಮೇಲೆ ನನ್ನನ್ನು ಹತ್ತಿಸಿದ್ದು ವ್ಯಾಟ್‌ಗಳ ಸಂಖ್ಯೆಯಲ್ಲ, ಅವು ಬಂದ ಹೊತ್ತು. 600ರಲ್ಲೇ ಮುಂಚಕ್ರ ಮೇಲೇಳುವ ಕಡೆ ಸಾವಿರದಿಂದ ಏನು ಮಾಡುವುದು?

ಕಾಡಿನಿಂದ ಹೊರಗಟ್ಟುವ ಮಾತು ಬರಿಯ ಊಹೆಯಲ್ಲ. ನಾನು ಓಡಿಸಿದ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಅರಣ್ಯ ಕಾಯ್ದೆಯ ಪ್ರಕಾರ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಯಾವ ಸೈಕಲ್ಲೂ ಓಡುವಂತಿಲ್ಲ, ವಿಶೇಷವಾಗಿ ಅನುಮತಿ ಪಡೆದ ದಾರಿಗಳ ಹೊರತು. ಹಾಗಾಗಿ ಸೋದರಳಿಯ ನನ್ನನ್ನು ಕರೆದೊಯ್ದದ್ದು ಗುರುತು ಹಾಕಿದ ದಾರಿಗಳಿರುವ ಆಲ್ಬ್‌ಸ್ಟಾಟ್ ಕಡೆಗೆ. ಮೌಂಟನ್ ಬೈಕಿನ ವಿಶ್ವಕಪ್ ಸುತ್ತುಗಳು ನಡೆದ ಊರದು. ಅಮೆರಿಕದಲ್ಲಿ ಜಗಳ ಇನ್ನೂ ಜೋರು. ಅಲ್ಲಿ ಹಲವೆಡೆ ಮೋಟಾರಿಲ್ಲದವರ ದಾರಿಗೆ ಇವುಗಳನ್ನು ಬಿಡುವುದಿಲ್ಲ. ದಾರಿ ಕೆಡುತ್ತದೆ ಎಂಬ ದೂರು ಮಾತ್ರ ಅಷ್ಟಾಗಿ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ 2015ರಲ್ಲಿ ಒರೆಗಾನ್‌ನಲ್ಲಿ ಮಾಡಿದ ಅಧ್ಯಯನದಲ್ಲಿ ಇ-ಎಂಟಿಬಿ ಕದಲಿಸಿದ ಮಣ್ಣು ಸಾದಾ ಸೈಕಲ್ಲಿನದಕ್ಕೆ ಹತ್ತಿರವೇ ಇತ್ತು, ಮೋಟಾರ್‌ಸೈಕಲ್ಲಿಗಿಂತ ಬಹಳ ಕಡಿಮೆ. ಅದು ಸಣ್ಣ ಅಧ್ಯಯನ, ನಡೆಸಿದ್ದೂ ಸೈಕಲ್ಲಿನವರೇ. ಅಷ್ಟು ಎಚ್ಚರದಿಂದಲೇ ಅದನ್ನು ಓದಬೇಕು.

ನಮ್ಮ ಘಟ್ಟಕ್ಕೆ ಬಂದರೆ ಚಿಂತೆ ಮಣ್ಣಿನದಲ್ಲ, ವೇಗ ಮತ್ತು ಮೌನದ್ದು. 2016ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಅರಣ್ಯ ಸೇವೆಯ ಅಧಿಕಾರಿಯೊಬ್ಬರು ಮೌಂಟನ್ ಬೈಕಿನಲ್ಲಿ ವೇಗವಾಗಿ ಬರುತ್ತಿದ್ದಾಗ ಗ್ರಿಜ್ಲಿ ಕರಡಿಗೆ ಢಿಕ್ಕಿ ಹೊಡೆದು, ಅದರ ದಾಳಿಗೆ ಬಲಿಯಾದರು. ಸಕಲೇಶಪುರ, ಆಲೂರು, ಕೊಡಗಿನ ತೋಟದ ದಾರಿಗಳಲ್ಲಿ ತಿರುವಿನಾಚೆ ಆನೆ ನಿಂತಿರುವುದು ಕಲ್ಪನೆಯಲ್ಲ, ದಿನನಿತ್ಯದ ಸಂಗತಿ. ಜೀಪು ಬಂದರೆ ಆನೆಗೆ ದೂರದಿಂದಲೇ ಕೇಳುತ್ತದೆ, ನಡೆದು ಹೋಗುವವನು ನಿಧಾನ. ಸದ್ದಿಲ್ಲದೆ ಏರುದಾರಿಯಲ್ಲೂ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಆ ಎರಡರಂತೆಯೂ ಅಲ್ಲ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿಯಂಥ ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ. ತೋಟದ ದಾರಿಯಾದರೆ ಮಾಲೀಕರನ್ನು ಕೇಳಿ, ಆನೆ ಎಲ್ಲಿದೆ ಎಂದು ತೋಟದ ಆಳುಗಳನ್ನು ವಿಚಾರಿಸಿ, ಹಗಲಿನಲ್ಲಿ ಮಾತ್ರ ಹೋಗಿ.

ವಿದೇಶದಲ್ಲಿರುವ ಮಕ್ಕಳಿಂದ ಒಂದನ್ನು ತರಿಸಿಕೊಳ್ಳುವ ಆಸೆ ಕೆಲವರಿಗಿದೆ. ಬಿಟ್ಟುಬಿಡಿ. ಪ್ರಯಾಣಿಕರ ವಿಮಾನದಲ್ಲಿ ನೂರು ವ್ಯಾಟ್ ಅವರ್ ದಾಟಿದ ಲಿಥಿಯಂ ಬ್ಯಾಟರಿಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ. ಇದರದು 750. ಬ್ಯಾಟರಿಯಿಲ್ಲದೆ ತಂದರೆ ಮನೆಯಲ್ಲಿ ಬಲು ಭಾರದ ಸೈಕಲ್ಲೊಂದು ಇದ್ದಂತಾಗುತ್ತದೆ, ಅಷ್ಟೇ.

ಭಾರತದ ಕಾನೂನು ಅಡ್ಡಿಯೇನೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 250 ವ್ಯಾಟ್ ಒಳಗಿನ, 25 ಕಿಲೋಮೀಟರಿಗೆ ನೆರವು ಕಡಿದುಕೊಳ್ಳುವ, 60 ಕಿಲೋಗಿಂತ ಹಗುರವಾದ ಪೆಡಲ್ ಸೈಕಲ್ಲಿಗೆ ನೋಂದಣಿ ಬೇಡ. ಆದರೆ ನಮ್ಮ ಪೇಟೆಯಲ್ಲಿ ಮೂವತ್ತು-ಐವತ್ತು ಸಾವಿರಕ್ಕೆ 'ಎಲೆಕ್ಟ್ರಿಕ್ ಎಂಟಿಬಿ' ಎಂದು ಮಾರುವ ಬಹುಪಾಲು ಸೈಕಲ್ಲುಗಳು ಬೇರೆಯೇ ಬಗೆಯವು. ಮೋಟಾರು ಹಿಂಚಕ್ರದ ಹಬ್ಬಿನಲ್ಲಿ ಕೂತಿರುತ್ತದೆ, ಗೇರುಗಳ ಲಾಭ ಅದಕ್ಕಿಲ್ಲ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದರೆ ಮೋಟಾರೂ ನಿಧಾನವಾಗಿ, ಬಲ ಕುಂದಿ, ಬಿಸಿಯೇರುತ್ತದೆ. ಅನೇಕದರಲ್ಲಿ ಟಾರ್ಕ್ ಸೆನ್ಸರ್ ಇಲ್ಲ, ಪೆಡಲು ತಿರುಗುತ್ತಿದೆಯೋ ಇಲ್ಲವೋ ಎಂದಷ್ಟೇ ಗೊತ್ತು. ತುಳಿದು ಕೊಂಚ ಹೊತ್ತಾದ ಮೇಲೆ ದಬಕ್ಕನೆ ತಳ್ಳುತ್ತದೆ, ನಿಲ್ಲಿಸಿದ ಮೇಲೂ ತಳ್ಳುತ್ತದೆ. ಪೇಟೆಯಲ್ಲಿ ಹಾಲು ತರಲು, ಆಫೀಸಿಗೆ ಹೋಗಲು ಇದು ಒಳ್ಳೆಯ ಸೈಕಲ್ಲು, ದುಡ್ಡಿಗೆ ಮೋಸವಿಲ್ಲ. ಒದ್ದೆ ಗುಡ್ಡದ ದಾರಿಯಲ್ಲಿ ಅದೇ ತಳ್ಳು ನಿಮ್ಮನ್ನು ಕಂದಕಕ್ಕೆ ಹಾಕಬಹುದು.

ಗುಡ್ಡಕ್ಕೆಂದೇ ಕೊಳ್ಳುವವರು ಅಂಗಡಿಯಲ್ಲಿ ವ್ಯಾಟ್ ಕೇಳುವ ಮೊದಲು ಮೂರು ವಿಷಯ ವಿಚಾರಿಸಿ: ಮೋಟಾರು ಪೆಡಲಿನ ಬಳಿ ಇದೆಯೇ, ಟಾರ್ಕ್ ಸೆನ್ಸರ್ ಇದೆಯೇ, ಮೂರು ವರ್ಷದ ಮೇಲೆ ಬ್ಯಾಟರಿ ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತದೆಯೇ. ಒಂದಕ್ಕಾದರೂ ಉತ್ತರ 'ಇಲ್ಲ' ಎಂದಾದರೆ, ಆ ದುಡ್ಡಿಗೆ ಒಳ್ಳೆಯ ಡಿಸ್ಕ್ ಬ್ರೇಕಿರುವ, ಮೋಟಾರಿಲ್ಲದ ಸೈಕಲ್ಲನ್ನೇ ಕೊಳ್ಳಿ.